ಹಗ್ಗ ಹಿಡಿದ ಕೈ

ನಮ್ಮ ಶಂಕರನಾರಾಯಣ ಭಾವನನ್ನು ಯಾರಾದರೂ ಪೇಂಟರ್ ಎಂದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತದೆ. ಗೋಡೆಗೆ ಬಣ್ಣ ಬಳಿಯುವವನು ಪೇಂಟರ್, ತಾನು ಆರ್ಟಿಸ್ಟ್ ಎನ್ನುವುದು ಅವರ ವಾದ. ಕುಂದಾಪುರದ ಕಡೆಯಿಂದ ಮದ್ರಾಸಿಗೆ ಬಂದು, ಅಡ್ಯಾರಿನ ಹೋಟೆಲೊಂದರಲ್ಲಿ ದೋಸೆ-ಇಡ್ಲಿಯ ಬೋರ್ಡು ಬರೆಯುತ್ತಿದ್ದವರು ಗಿಂಡಿಯ ರೇಸ್ ಕುದುರೆಗಳ ಚಿತ್ರಕಾರರಾದದ್ದು ಸಣ್ಣ ಸಂಗತಿಯಲ್ಲ, ಒಪ್ಪುತ್ತೇನೆ. ಆದರೆ ಆ ಬಾಗಿಲು ತೆರೆದುಕೊಟ್ಟವನು ಯಾರೆಂದು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.

ತೆರೆದುಕೊಟ್ಟವನು ಚಂದು. ಭಾವನ ಹೆಂಡತಿ ಜಲಜಾಕ್ಷಿಯ ಒಬ್ಬನೇ ತಮ್ಮ. ಜಲಜಾಕ್ಷಿ ನನ್ನ ದೊಡ್ಡಮ್ಮನ ಮಗಳು, ಹಾಗಾಗಿ ಅವನು ನನಗೂ ತಮ್ಮನೇ. ಹೋಟೆಲಿನ ಅಡುಗೆಮನೆಯ ಹೊಗೆ ತಡೆಯಲಾರದೆ ಕುದುರೆ ಲಾಯದ ಕೆಲಸಕ್ಕೆ ಸೇರಿಕೊಂಡಿದ್ದ. ಕುದುರೆಗೆ ಸ್ನಾನ, ಮಾಲೀಸು, ಬೆಳಗಿನ ನಡಿಗೆ ಎಲ್ಲ ಅವನದೇ. ಒಮ್ಮೆ ಕುದುರೆ ಕಚ್ಚಿ ಬಲಗೈಯ ಕಿರುಬೆರಳು ಕೊಕ್ಕೆಯ ಹಾಗೆ ಬಾಗಿಹೋಗಿತ್ತು. ಅದನ್ನೇ ಆಡಿಸಿ ತೋರಿಸಿ ಮಕ್ಕಳನ್ನು ನಗಿಸುತ್ತಿದ್ದ. ತನ್ನ ಮುದಲಾಳಿಯ, ಅಂದರೆ ಕುದುರೆಗಳ ಧಣಿಯ, ಕೈಕಾಲು ಹಿಡಿದು ‘ನಮ್ಮ ಭಾವ ಚೆನ್ನಾಗಿ ಚಿತ್ರ ಬರೀತಾರೆ’ ಎಂದು ಒಳಗೆ ಬಿಡಿಸಿದವನು ಅವನೇ.

ಆಮೇಲೆ ಭಾವನನ್ನು ಹಿಡಿಯುವವರಿಲ್ಲ. ಬೆಳಿಗ್ಗೆ ಲಾಯದಲ್ಲಿ ಕುದುರೆ, ಮಧ್ಯಾಹ್ನದ ಮೇಲೆ ಆ ಕುದುರೆಯ ಯಜಮಾನನ ಬಂಗಲೆಯಲ್ಲಿ ಯಜಮಾನತಿ. ಕುದುರೆಯಾದರೂ ಸರಿ, ಮುತ್ತಿನ ಹಾರ ಹಾಕಿದ ಹೆಂಗಸಾದರೂ ಸರಿ, ಎದುರಿಗೆ ನಿಲ್ಲಲೇಬೇಕು. “ಎದುರಿಗೆ ಇಲ್ಲದ ಮುಖ ನಾನು ಬರೆಯುವುದಿಲ್ಲ” ಎಂಬುದು ಅವರ ನೇಮ. ಯಾರಾದರೂ ಫೋಟೊ ಚಾಚಿದರೆ ಎಂಜಲು ಮುಟ್ಟಿದವರಂತೆ ಕೈ ಹಿಂದೆಗೆಯುತ್ತಿದ್ದರು. ಈ ಗತ್ತಿಗೇ ದೊಡ್ಡವರು ಮರುಳಾದರು.

ಮೂರ್ ಮಾರ್ಕೆಟಿನ ಹಳೆ ಪುಸ್ತಕದಂಗಡಿಯಿಂದ ಒಂದು ದಪ್ಪ ಚಿತ್ರಪುಸ್ತಕ ತಂದಿದ್ದರು. ನೂರೈವತ್ತು, ಇನ್ನೂರು ವರ್ಷದ ಹಿಂದಿನ ಅಮೆರಿಕದ ಚಿತ್ರಕಾರರದು. ಅವರೂ ಭಾವನ ಹಾಗೇ ಸಿರಿವಂತರ ಮನೆಯಿಂದ ಮನೆಗೆ ತಿರುಗಿ ಓಟದ ಕುದುರೆಗಳನ್ನೂ ಮನೆಯೊಡತಿಯರನ್ನೂ ಬರೆದವರು. ಭಾವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ವಿಮಾ ಕಚೇರಿಯಲ್ಲಿದ್ದ ನಾನೇ ಓದಿ ಹೇಳಬೇಕು. ಚಿತ್ರದ ಅಡಿಯಲ್ಲಿ ಕುದುರೆಯ ಹೆಸರು, ಅದರ ಅಪ್ಪನ ಹೆಸರು, ಅಮ್ಮನ ಹೆಸರು, ಧಣಿಯ ಹೆಸರು. ಹಗ್ಗ ಹಿಡಿದು ನಿಂತ ಕಪ್ಪು ಗುಲಾಮನಿಗೆ ಮಾತ್ರ ‘ಒಬ್ಬ ಆಳು’.

ಭಾವ ಉರಿದುಬಿದ್ದರು. “ಕುದ್ರಿ ಅಪ್ಪಂಗೂ ಹೆಸ್ರಿತ್ತ್, ಈ ಮನ್ಷಂಗೆ ಇಲ್ಯಾ? ಎಂತಾ ಜನ ಇವ್ರ್! ಅಂಬುಜಾ, ಕಾಣ್, ನಾನ್ ಚಂದುನ್ನ ಬರೀತೆ. ಅಡಿಗೆ ಅವ್ನ್ ಹೆಸ್ರೂ ಹಾಕ್ತೆ.”

ಬರೆದರು. ಮುದಲಾಳಿಯ ಕುದುರೆ ರಾಯಲ್ ಅಂಬರ್ ದೊಡ್ಡ ಪಂದ್ಯ ಗೆದ್ದ ವರ್ಷ ಅದು. ಕುದುರೆಯ ಪಕ್ಕ ಚಂದು ಹಗ್ಗ ಹಿಡಿದು, ತುಟಿಯಂಚಿನಲ್ಲಿ ನಗು ಅದುಮಿಕೊಂಡು ನಿಂತಿದ್ದ. ಭಾವ ಅದಕ್ಕಿಂತ ಒಳ್ಳೆಯ ಚಿತ್ರ ಮತ್ತೆ ಬರೆಯಲಿಲ್ಲ. ಹೆಸರು ಹಾಕುವುದು ಬೇಡ ಎಂದರಂತೆ ಮುದಲಾಳಿ. ಭಾವ ಹಾಕಲಿಲ್ಲ. ಹೋಗಲಿ, ಮುಖವಾದರೂ ಉಳಿಯಿತಲ್ಲ ಎಂದುಕೊಂಡೆವು.

ಕೆಲವು ವರ್ಷದ ಮೇಲೆ ಲಾಯದಲ್ಲಿ ಕುದುರೆ ಒದ್ದು ಚಂದು ಸತ್ತ. ಮದುವೆಯಾಗಿರಲಿಲ್ಲ, ಅತ್ತವಳು ಅಕ್ಕ ಒಬ್ಬಳೇ. ಅವನ ಎರಡೋ ಮೂರೋ ಫೋಟೊ ಟ್ರಂಕಿನಲ್ಲಿದ್ದವು. ಎರಡು ಸಾವಿರದ ಹದಿನೈದರ ನೆರೆಯಲ್ಲಿ ಸೈದಾಪೇಟೆಯ ಮನೆಗೆ ಹೊಳೆ ನುಗ್ಗಿದಾಗ ಅವೂ ಹೋದವು. ಒಣಹಾಕಿದರೆ ಮುಖವಿದ್ದಲ್ಲಿ ಬರೀ ಕಂದು ಕಲೆ. ಅವತ್ತಿನಿಂದ ಅಕ್ಕನದು ಒಂದೇ ಬೇಡಿಕೆ, ತಮ್ಮನ ಮುಖವೊಂದನ್ನು ಬರೆದುಕೊಡಿ ಎಂದು. ಭಾವನದೂ ಒಂದೇ ಉತ್ತರ, ಎದುರಿಗೆ ಇಲ್ಲದ ಮುಖ ಬರೆಯುವುದಿಲ್ಲ ಎಂದು. ಹೆಂಡತಿಗೂ ಅದೇ ನೇಮ!

ಈ ವರ್ಷ ಮುದಲಾಳಿ ತೀರಿಕೊಂಡರು. ಮಗ ಪ್ರತಾಪ್ ಅಪ್ಪನ ನೆನಪಿಗೆ ಮನೆಯ ಕುದುರೆ ಚಿತ್ರಗಳ ಪ್ರದರ್ಶನ ಇಡುತ್ತಾನಂತೆ. ರಾಯಲ್ ಅಂಬರ್ ಚಿತ್ರ ಕಪ್ಪಡರಿದೆ, ಬಂದು ಸರಿಮಾಡಿಕೊಡಿ ಎಂದು ಕರೆ ಬಂತು. ಅಕ್ಕನ ಮುಖ ನೋಡಬೇಕಿತ್ತು ಆವತ್ತು. ಬಾಗಿಲವರೆಗೂ ಹಿಂದೆಯೇ ಬಂದಳು.

“ಹ್ವಾಯ್, ಈಗಂತೂ ಎದುರಿಗೇ ಇರ್ತ ಅಲ್ದಾ? ಒಂದ್ ಕಾಗ್ದದ್ ಮೇಲೆ ಅವ್ನ್ ಮೋರಿ ಬರ್ಕಂಡ್ ಬನ್ನಿ. ಮರೂಕಾಗ.”

“ಆಯ್ತ್ ಮಾರಾಯ್ತಿ.”

“ನನ್ನ ಫೋನು ಕೊಡ್ತೇನೆ ಭಾವ, ಒಂದು ಫೋಟೊ ಹೊಡ್ಕೊಂಡು ಬನ್ನಿ ಸಾಕು” ಎಂದೆ ನಾನು.

“ಫೋಟೊ ಹೊಡಿಯುವವ ನಾನಲ್ಲ” ಎಂದರು.

ಎಂಟು-ಹತ್ತು ದಿನ ಬೆಸೆಂಟ್ ನಗರದ ಮುದಲಾಳಿಯ ಬಂಗಲೆಗೆ ಹೋಗಿಬಂದರು. ಅಕ್ಕ ದಿನಾ ಸಂಜೆ ಅವರ ಚೀಲ ತಾನೇ ಇಸಿದುಕೊಂಡು ಒಳಗೆ ನೋಡುವಳು. ಕುಂಚ, ಚಿಂದಿ ಬಟ್ಟೆ, ಟರ್ಪೆಂಟೈನ್ ವಾಸನೆ. “ನಾಳೆ” ಎನ್ನುವರು ಭಾವ. ಆಮೇಲೆ ನಾಳೆ ಎನ್ನುವುದನ್ನೂ ಬಿಟ್ಟರು. ಕೆಲಸ ಮುಗಿದ ದಿನ ಮಾತ್ರ ಬಹಳ ಖುಷಿಯಲ್ಲಿದ್ದರು. “ಈ ಸಲ ಚಿತ್ರದ್ ಅಡಿಗೆ ನನ್ ಹೆಸ್ರ್ ಹಾಕ್ತ್ರಂಬ್ರ್” ಎಂದು ಎರಡೆರಡು ಸಲ ಹೇಳಿದರು.

ಕಾಗದದಲ್ಲಿ ಬರೆಯದಿದ್ದರೇನು, ಚಿತ್ರದಲ್ಲೇ ತಮ್ಮನನ್ನು ನೋಡಿಬರುತ್ತೇನೆ ಎಂದು ಅಕ್ಕ ಪ್ರದರ್ಶನಕ್ಕೆ ಹೊರಟಳು. ಮದುವೆಗೆ ಹೋಗುವವಳಂತೆ ರೇಷ್ಮೆ ಸೀರೆ, ತಲೆಗೆ ಮಲ್ಲಿಗೆ. ಭಾವ “ಅಲ್ಲಿ ಬರೀ ದೊಡ್ಡವ್ರ್ ಬತ್ರ್, ನಿಂಗೆ ಎಂತಕೆ?” ಎಂದು ತಡೆಯಲು ನೋಡಿದರು. ಅವಳು ಕೇಳಲಿಲ್ಲ. ನಾನೂ ಜೊತೆಗೆ ಹೋದೆ. ಈ ಸಲ ಫೋಟೊ ತೆಗೆಯಲು ಯಾರಪ್ಪಣೆಯೂ ಬೇಕಿರಲಿಲ್ಲ, ಫೋನು ಕೈಯಲ್ಲೇ ಹಿಡಿದಿದ್ದೆ.

ಅಡ್ಯಾರಿನ ಆ ಏಸಿ ಹಾಲ್‌ನಲ್ಲಿ ರಾಯಲ್ ಅಂಬರ್ ನಟ್ಟನಡುವೆ ಇತ್ತು. ಕುದುರೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಹಗ್ಗ ಹಿಡಿದು ನಿಂತವರು ಕೆನೆಬಣ್ಣದ ಸೂಟಿನ ಮುದಲಾಳಿ.

ಪ್ರತಾಪ್ ಭಾವನ ಹೆಗಲ ಮೇಲೆ ಕೈಹಾಕಿ ಬಂದವರಿಗೆಲ್ಲ ತಮಿಳು, ಇಂಗ್ಲಿಷ್ ಬೆರೆಸಿ ವಿವರಿಸುತ್ತಿದ್ದ. ಮೊದಲು ಇಲ್ಲಿ ಯಾರೋ ಲಾಯದ ಹುಡುಗ ಇದ್ದನಂತೆ, ಅಪ್ಪನೇ ಇರಬೇಕು ಅಂತ ತನಗೆ ಆಸೆಯಿತ್ತಂತೆ, ಆರ್ಟಿಸ್ಟ್ ಸಾರ್ ಬರೀ ಒಂದು ಫೋಟೊ ನೋಡಿ ಅಪ್ಪನನ್ನು ಎದ್ದು ಬರುವ ಹಾಗೆ ಬರೆದರಂತೆ.

ಬರೀ ಒಂದು ಫೋಟೊ ನೋಡಿ! ನನಗೆ ಮೈಯೆಲ್ಲ ಉರಿಯಿತು. ಅಡಿಯಲ್ಲಿ ಹೊಸ ಚೀಟಿ. ಕುದುರೆಯ ಹೆಸರು, ಧಣಿಯ ಹೆಸರು, ಅವುಗಳ ಕೆಳಗೆ ಚಿತ್ರಕಾರ ಶಂಕರನಾರಾಯಣ. ಒಂದಕ್ಷರ ತಪ್ಪಿಲ್ಲ.

ಅಕ್ಕ ತುಂಬ ಹೊತ್ತು ಆ ಮುಖವನ್ನೇ ನೋಡಿದಳು, ಕೆದಕಿದರೆ ಹಿಂದಿನದು ಸಿಗಬಹುದೇನೋ ಎಂಬಂತೆ. ಭಾವ ಮೆಲ್ಲನೆ ಅವಳ ಪಕ್ಕಕ್ಕೆ ಬಂದು ಪಿಸುಗುಟ್ಟಿದರು.

“ಕೈ ಕಾಣ್, ಜಲಜಾ. ಚಂದುದೇ. ಯಾರಿಗೂ ಹೇಳ್ದೆ ಉಳ್ಸಿದೆ. ನಿಂಗೋಸ್ಕರ.”

ಹೌದು. ಕೆನೆಬಣ್ಣದ ತೋಳಿನ ತುದಿಯಲ್ಲಿ ಬಿಸಿಲಿಗೆ ಕಪ್ಪಾದ ಒರಟು ಕೈ, ಕೊಕ್ಕೆಯಂಥ ಕಿರುಬೆರಳು. ಇಷ್ಟು ಜನ ನೋಡಿದರೂ ಒಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಭಾವ ಅಕ್ಕನ ಮುಖವನ್ನೇ ನೋಡುತ್ತಿದ್ದರು, ಏನೋ ದೊಡ್ಡ ಉಪಕಾರ ಮಾಡಿದವರ ಹಾಗೆ.

ಅಕ್ಕ ಆ ಕೈಯನ್ನು ನೋಡಿದಳು. ಅಳಲಿಲ್ಲ. ಸೆರಗು ಸರಿಮಾಡಿಕೊಂಡು, ಸುತ್ತಲಿನವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದಳು.

“ಅವ್ನ್ ಮೋರಿ ಯಾರಿಗ್ ಬೇಕಿತ್ತ್? ಸತ್ತ ಮೇಲೂ ಕುದ್ರಿ ಹಿಡ್ಕಂಡ್ ನಿಲ್ಲುಕೆ ಕೈ ಒಂದ್ ಸಾಕಲೆ ನಿಮ್ಗೆ.”