ಕಾಜಾ ನಿಂತಿದ್ದ ಬಾಗಿಲು

ನಮ್ಮನೆಯವರಿಗೆ ಇನ್ನೊಬ್ಬಳು ಇದ್ದಿದ್ದರೆ ಜಗಳವಾಡಿ ಹೇಗೋ ಗೆದ್ದುಕೊಳ್ಳುತ್ತಿದ್ದೆ. ಇವರಿಗೆ ಇದ್ದದ್ದು ಜೈಲು. ಒಳಗೆ ನಾನೂರು ಗಂಡಸರನ್ನು ಇಟ್ಟುಕೊಂಡಿರುವ ಸವತಿಯ ಜೊತೆ ಯಾವ ಹೆಂಗಸು ಏಗುತ್ತಾಳೆ ಹೇಳಿ.

ಇವರು ಪ್ರೊಬೇಷನ್ ಆಫೀಸರ್. ಶಿಕ್ಷೆ ಪೂರ್ತಿ ಮುಗಿಯುವ ಮೊದಲೇ ಷರತ್ತಿನ ಮೇಲೆ ಹೊರಗೆ ಬಿಟ್ಟವರಿಗೆ ಕೆಲಸ ಹುಡುಕಿಕೊಡುವುದು, ಅವರು ಇರುವ ಕಡೆ ಹೋಗಿ ನೋಡಿ ವರದಿ ಬರೆಯುವುದು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ, ಅದೇ ಹಿಡಿ ಕಿತ್ತುಹೋದ ಚರ್ಮದ ಚೀಲ. ಯಾವನಿಗೆ ಯಾವ ದಿನ ಬಿಡುಗಡೆ ಅನ್ನೋದು ನಾಲಿಗೆ ತುದಿಯಲ್ಲಿರುತ್ತದೆ. ನನ್ನ ಗಂಟಲಿನ ಆಪರೇಷನ್ ಯಾವತ್ತು ಅಂತ ಮಾತ್ರ ಆಸ್ಪತ್ರೆಯವರು ಫೋನ್ ಮಾಡಿ ನೆನಪಿಸಬೇಕಾಯಿತು.

ಕೆಟ್ಟ ಮನುಷ್ಯ ಅಂತಲ್ಲ. ಒಂದು ದಿನ ಕೈ ಎತ್ತಿದವರಲ್ಲ, ದನಿ ಎತ್ತಿದವರಲ್ಲ. ಆದರೆ ದನಿಯದ್ದೇ ನನ್ನ ತಕರಾರು. ಇವರಿಗೆ ಎರಡು ದನಿ. ಮನೆಗೊಂದು: ‘ಉಪ್ಪು ಕಮ್ಮಿ’, ‘ಕೊಡೆ ಎಲ್ಲಿ’, ‘ಹೂಂ’. ಇನ್ನೊಂದು ಹೊರಗೆ ಬಂದವರಿಗೆ. ಅದನ್ನು ಕೇಳಿದರೆ ನೋಯುವ ಕಾಲನ್ನು ಬಿಸಿನೀರಿನಲ್ಲಿ ಇಟ್ಟ ಹಾಗಿರುತ್ತದೆ. ಆ ದನಿಯಲ್ಲಿ ನನ್ನನ್ನು ಒಂದು ಸಲವಾದರೂ ಮಾತಾಡಿಸಿದ್ದರೆ ನಾನು ಇಷ್ಟು ಹೊಟ್ಟೆ ಉರಿದುಕೊಳ್ಳುತ್ತಿರಲಿಲ್ಲ.

ಅದನ್ನು ನಾನು ಕೇಳುತ್ತಿದ್ದದ್ದು ಬಾಗಿಲ ಈಚೆಯಿಂದ. ಯಾರು ಬಿಡುಗಡೆಯಾದರೂ ಮೊದಲ ದಿನ ಇವರು ಅವನನ್ನು ನಮ್ಮನೆಗೆ ಕರೆತರುತ್ತಾರೆ. ಹೊಸಿಲ ಮುಂದೆ ನಿಲ್ಲಿಸಿ, ಬೀಗದ ಕೈ ಅವನ ಕೈಗೆ ಕೊಟ್ಟು, ತಾವು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. “ನೀನೇ ತೆಗಿ,” ಅನ್ನುತ್ತಾರೆ. “ಆತುರ ಇಲ್ಲ.” ಜೈಲಿನಲ್ಲಿ ಬಾಗಿಲು ತೆಗೆಯುವವರು ಬೇರೆ, ದಾಟುವವರು ಬೇರೆಯಂತೆ. ಹತ್ತು ವರ್ಷ ಹಾಗೆ ಇದ್ದವನು ಹೊರಗೆ ಬಂದ ಮೇಲೂ ಹಾಕಿದ ಬಾಗಿಲು ಕಂಡರೆ ಸುಮ್ಮನೆ ನಿಂತುಬಿಡುತ್ತಾನೆ, ಯಾರೋ ತೆಗೆಯುತ್ತಾರೆ ಅಂತ. ಒಬ್ಬನಂತೂ ಮುಕ್ಕಾಲು ಗಂಟೆ ನಿಂತಿದ್ದ. ಒಳಗೆ ನಾನು ಚಹಾ ಮಾಡಿಟ್ಟುಕೊಂಡು, ಅದು ಆರುವುದನ್ನು ನೋಡುತ್ತಾ ಕೂತಿದ್ದೆ. ನಾನು ತೆಗೆಯುವ ಹಾಗಿಲ್ಲ, ಇವರ ಕಟ್ಟಪ್ಪಣೆ.

“ಮನೆ ಬಾಗಿಲು ವಾರದಲ್ಲಿ ಕಲೀತಾರೆ ಕಣೇ,” ಅಂತ ಒಂದು ಸಲ ಹೇಳಿದ್ದರು. “ಆಫೀಸಿನ ಬಾಗಿಲಿಗೆ ವರ್ಷಗಟ್ಟಲೆ ಬೇಕು. ಒಳಗೆ ದೊಡ್ಡವರು ಕೂತಿದ್ದಾರೆ ಅಂದ್ರೆ ಕೈಯೇ ಏಳಲ್ಲ.”

ಹಾಗೆ ಬಂದವರ ಪೈಕಿ ಒಬ್ಬ ಕಾಜಾ. ಹೆಸರಿಟ್ಟದ್ದು ನಾನೇ, ಅದೂ ಕೋಪಕ್ಕೆ. ಕುಡಿದ ಜಗಳದಲ್ಲಿ ಒಬ್ಬನನ್ನು ಹೊಡೆದು ಸಾಯಿಸಿ ಹನ್ನೆರಡು ವರ್ಷ ಒಳಗಿದ್ದ. ಅಲ್ಲೇ ಹೊಲಿಗೆ ಕಲಿತಿದ್ದ. ನಮ್ಮನೆ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಅರ್ಧ ಬೀದಿಗೆ ಬಟ್ಟೆ ಹೊಲಿದುಕೊಡುವವಳು ನಾನು. ಮದುವೆಯಾದಾಗಿನಿಂದ ಇವರ ಮೈಮೇಲೆ ನಾನು ಹೊಲಿದದ್ದು ಬಿಟ್ಟು ಬೇರೆ ಅಂಗಿ ಬಿದ್ದದ್ದಿಲ್ಲ. ಒಂದು ಸಂಜೆ ಇವರು ಹೊಸ ನೀಲಿ ಅಂಗಿ ಹಾಕಿಕೊಂಡು ಬಂದು ನನ್ನ ಮುಂದೆ ತೋಳು ಚಾಚಿದರು.

“ಇಲ್ಲಿ ನೋಡು, ಅವನು ಕೈಯಲ್ಲೇ ತೆಗೆದಿರೋ ಕಾಜಾ. ಒಂದು ಎಳೆ ಎದ್ದಿಲ್ಲ.”

ನೋಡಿದೆ. ಗುಂಡಿಯ ತೂತಿನ ಸುತ್ತ ಹಾಕಿದ್ದ ಹೊಲಿಗೆ ನನ್ನದಕ್ಕಿಂತ ಚೆನ್ನಾಗಿತ್ತು. ಅದೇ ಸಂಕಟ. ಕೆಟ್ಟದಾಗಿದ್ದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ.

“ಊಟಾನೂ ಅವನ ಕೈಲೇ ಮಾಡಿಸ್ಕೊಳ್ಳಿ,” ಅಂದೆ. ಇವರು ‘ಹೂಂ’ ಅಂದರು.

ಕಾಜಾನಾದರೋ ವಾರಕ್ಕೊಮ್ಮೆ ಬಂದು ಇವರ ಎದುರು ಕೂತು ಆ ವಾರದ್ದೆಲ್ಲ ಒಪ್ಪಿಸುತ್ತಿದ್ದ. ನನ್ನನ್ನು ಅಕ್ಕಾ ಅನ್ನುತ್ತಿದ್ದ. ಮಿಷನ್ ಸದ್ದು ಕೇಳಿ, “ಅಕ್ಕಾ, ಬೆಲ್ಟ್ ಸಡಿಲಾಗಿದೆ,” ಅಂದ ಒಂದು ದಿನ. ಸರಿಯಾಗಿಯೇ ಹೇಳಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ಇಂಥವರಿಗೆ ಜಾಗ ಕೊಡುವ ವಿಷಯಕ್ಕೆ ಆ ವರ್ಷವೇ ಊರಿನಲ್ಲಿ ಗಲಾಟೆ ಎದ್ದದ್ದು. ಷರತ್ತಿನ ಮೇಲೆ ಬಿಡಬೇಕಾದರೆ ಹೊರಗೆ ಒಂದು ವಿಳಾಸ ಇರಬೇಕು ಅಂತ ನಿಯಮ. ವಿಳಾಸ ಹೋದರೆ ಬಿಡುಗಡೆಯೂ ಹೋಯಿತು. ಅಧಿಕಾರಿ ತನ್ನ ಮನೆಯದನ್ನು ಕೊಡುವ ಹಾಗಿಲ್ಲ. ಕಾಜಾ ಇದ್ದದ್ದು ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಅವನು ಯಾರು ಅಂತ ಗೊತ್ತಾದ ಮೇಲೆ ಅಂಗಡಿಯವರು, ತಿಂಗಳ ಕೊನೆಗೆ ಖಾಲಿ ಮಾಡು ಅಂದರು. ಬೇರೆ ಯಾರೂ ಜಾಗ ಕೊಡಲಿಲ್ಲ. ಹಾಗಾಗಿ ಬಿಡುಗಡೆಯಾದವರಿಗೆ ನಗರಸಭೆಯ ಹಳೇ ಕಟ್ಟಡವೊಂದನ್ನು ವಸತಿಗೃಹ ಮಾಡೋಣ ಅಂತ ಇವರು ಓಡಾಡಿದರು. ಅದಾದರೆ ಕಾಜಾನಿಗೆ ವಿಳಾಸ ಸಿಗುತ್ತದೆ. ಆಗದಿದ್ದರೆ ಉಳಿದ ಎರಡು ವರ್ಷ ಮತ್ತೆ ಒಳಗೆ.

ಜನರ ಅಭಿಪ್ರಾಯ ಕೇಳಲು ಗ್ರಂಥಾಲಯದ ಸಭಾಂಗಣದಲ್ಲಿ ಒಂದು ಬೆಳಿಗ್ಗೆ ಸಭೆ ಕರೆದರು. ನಗರಸಭೆಯ ಒಂಬತ್ತು ಸದಸ್ಯರು ವೇದಿಕೆಯ ಮೇಲೆ, ಅಲ್ಲೇ ಕೈ ಎತ್ತಿ ತೀರ್ಮಾನ. ನಾನು ಹೊಲಿದು ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಅಂಗಿ ಮಂಚದ ಮೇಲೇ ಉಳಿಯಿತು. ಇವರು ನೀಲಿ ಅಂಗಿ ತೊಟ್ಟು ಹೊರಟರು. “ಇವತ್ತು ಅವನೂ ಮಾತಾಡ್ತಾನೆ,” ಅಂದರು, ಮಗನನ್ನು ಮೊದಲ ದಿನ ಶಾಲೆಗೆ ಬಿಡಲು ಹೊರಟವರ ಹಾಗೆ.

ನಾನು ಹೋಗಿ ಕೊನೇ ಸಾಲಿನಲ್ಲಿ ಬಾಗಿಲ ಪಕ್ಕ ಕೂತೆ. ಬಾಗಿಲಿಗೆ ಕಣ್ಣಿನ ಮಟ್ಟದಲ್ಲಿ ಒಂದು ಚೌಕ ಗಾಜು. ಒಬ್ಬೊಬ್ಬರಿಗೆ ಮೂರು ನಿಮಿಷ. ವರ್ತಕರ ಸಂಘದ ಕಾರ್ಯದರ್ಶಿ ಎದ್ದು, ಶಿಕ್ಷೆ ಅಂದರೆ ಶಿಕ್ಷೆ, ಹನ್ನೆರಡು ಅಂದಮೇಲೆ ಹನ್ನೆರಡು, ಹದಿನಾಲ್ಕು ಅಂದಮೇಲೆ ಹದಿನಾಲ್ಕು, ಇದೇನು ಕಡ್ಲೆಪುರಿನಾ ಚೌಕಾಸಿ ಮಾಡೋಕೆ ಅಂದ. ಜನ ನಕ್ಕರು. ಕಾನೂನು ಕಾಲೇಜಿನ ಲೆಕ್ಚರರ್ ಒಬ್ಬಳು ಅಂಕಿಅಂಶ ಓದಿದಳು. ತಲೆ ಮೇಲೆ ಸೂರಿಲ್ಲದೆ ಹೊರಬಂದವನೇ ಬೇಗ ಮತ್ತೆ ತಪ್ಪು ಮಾಡುತ್ತಾನೆ ಅಂತ ಅದರ ಸಾರ. ಯಾರಿಗೂ ಕೇಳಿಸಿಕೊಳ್ಳುವ ತಾಳ್ಮೆ ಇರಲಿಲ್ಲ. ಆಮೇಲೆ ಒಬ್ಬರು ನಿವೃತ್ತ ಹೆಡ್‌ಮಿಸ್ಟ್ರೆಸ್ ಎದ್ದರು. ಅವರ ಮನೆಗೆ ಕಳ್ಳ ನುಗ್ಗಿದ್ದನಂತೆ. “ಒಂಬತ್ತು ತಿಂಗಳಾಯ್ತು. ಬಾಗಿಲಿಗೆ ಕುರ್ಚಿ ಅಡ್ಡ ಇಟ್ಕೊಂಡೇ ಮಲಗ್ತೀನಿ. ನನಗೂ ಯಾರಾದ್ರೂ ಒಬ್ಬ ಆಫೀಸರ್‌ನ ಕೊಡ್ತೀರಾ?” ಅಂತ ಕೇಳಿದರು. ಮುಚ್ಚಿಡುವುದೇನು, ನನಗೂ ಅದನ್ನೇ ಕೇಳಬೇಕು ಅನ್ನಿಸಿತ್ತು.

ಅಷ್ಟರಲ್ಲಿ ಗಾಜಿನ ಆಚೆ ಕಾಜಾನ ಮುಖ ಕಂಡಿತು.

ತಲೆಗೆ ನೀರು ಹಚ್ಚಿ ಬಾಚಿದ್ದ. ನನ್ನನ್ನು ನೋಡಿ ನಕ್ಕ. ಜೇಬಿನ ಮೇಲೆ ಕೈಯಿಟ್ಟು ಬರೆದುಕೊಂಡು ಬಂದಿದ್ದ ಕಾಗದ ತೋರಿಸಿದ. ಬಾಗಿಲಿಗೆ ಬೀಗವಿರಲಿಲ್ಲ, ಚಿಲಕವೂ ಇರಲಿಲ್ಲ. ತಳ್ಳಿದರೆ ಸಾಕು. ಅವನು ತಳ್ಳಲಿಲ್ಲ. ಯಾಕೆ ಅಂತ ಆ ಸಭೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬರು ಮುಂದೆ ಕೂತಿದ್ದ ಇವರು. ಇವರಿಗೆ ಅಲ್ಲಿಂದ ಗಾಜು ಕಾಣುತ್ತಿರಲಿಲ್ಲ. ಇನ್ನೊಬ್ಬಳು ನಾನು.

ಕುರ್ಚಿಯಿಂದ ಅರ್ಧ ಎದ್ದಿದ್ದೆ. ಆಗಲೇ ಇವರು ಹಿಂದೆ ತಿರುಗಿದರು. ಸಭೆಯುದ್ದಕ್ಕೂ ಕಣ್ಣಾಡಿಸಿದರು. ಆ ಕಣ್ಣು ನನ್ನ ಮೇಲೆ ಬಂತು, ಖಾಲಿ ಕುರ್ಚಿಯ ಮೇಲೆ ಹಾದುಹೋದ ಹಾಗೆ ಮುಂದೆ ಹೋಯಿತು. ಇನ್ನೊಂದು ಸಲ ತಿರುಗಿದರು, ಮತ್ತೆ ಹಾಗೆಯೇ. ಹುಡುಕುತ್ತಿದ್ದದ್ದು ಅವನನ್ನು. ನಾನು ಬಂದಿದ್ದೇನೆ ಅನ್ನುವುದೂ ಅವರಿಗೆ ಗೊತ್ತಾಗಲಿಲ್ಲ.

ಕೂತುಬಿಟ್ಟೆ. ನಿಲ್ಲಲಿ ಅಂದುಕೊಂಡೆ. ಬಾಗಿಲು ಅವನೇ ತೆಗೆಯಬೇಕು ಅನ್ನೋದು ಇವರೇ ಕಲಿಸಿದ ಪಾಠ, ನಾನು ಅದನ್ನೇ ಪಾಲಿಸುತ್ತಿದ್ದೇನೆ ಅಂತ ಮನಸ್ಸಿಗೆ ಹೇಳಿಕೊಂಡೆ. ಹಸಿ ಸುಳ್ಳು. ಹೊಟ್ಟೆಕಿಚ್ಚು ಬಿಟ್ಟರೆ ಬೇರೇನೂ ಇರಲಿಲ್ಲ.

ಅಧ್ಯಕ್ಷೆ ಅವನ ಹೆಸರು ಕೂಗಿದರು. ಆಚೆಗೆ ಅದು ಕೇಳಿಸುತ್ತಿರಲಿಲ್ಲ. ಎರಡನೇ ಸಲ ಕೂಗಿದರು. ನಾನು ಕೈಚೀಲದ ಹಿಡಿ ಬಿಗಿಯಾಗಿ ಹಿಡಿದುಕೊಂಡು ಮುಂದಿನ ಸಾಲಿನವನ ಕುತ್ತಿಗೆ ನೋಡುತ್ತಾ ಕೂತೆ. ಮೂರನೇ ಸಲ ಕೂಗಿ, ಪಟ್ಟಿಯಲ್ಲಿ ಗೆರೆ ಎಳೆದರು.

“ನೋಡಿದ್ರಾ?” ಅಂದ ಕಾರ್ಯದರ್ಶಿ. “ನಮ್ಮ ಮುಂದೆ ಬರೋ ಧೈರ್ಯ ಇಲ್ಲ. ಇಂಥವರನ್ನ ನಮ್ಮ ಪಕ್ಕದಲ್ಲಿ ಇಟ್ಕೋಬೇಕಂತೆ.”

ಇವರು ಎದ್ದು ಏನೋ ಹೇಳಿದರು. ನಾಲಿಗೆ ತೊದಲಿತು. ವೇದಿಕೆಯಲ್ಲಿ ಕೈಗಳು ಎದ್ದವು. ಬೇಡ ಅಂದವರು ಐವರು, ಬೇಕು ಅಂದವರು ನಾಲ್ವರು.

ಜನ ಬಾಗಿಲು ತೆಗೆದುಕೊಂಡು ಹೊರಟರು. ಕಾಜಾ ಗೋಡೆಗೆ ಒತ್ತಿಕೊಂಡು ಅವರಿಗೆಲ್ಲ ದಾರಿ ಬಿಡುತ್ತಾ ನಿಂತಿದ್ದ. ಇಷ್ಟು ಹೊತ್ತು ತಾವು ಹೆದರಿದ್ದು ಇವನಿಗೇ ಅಂತ ಅವರಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಹೆಡ್‌ಮಿಸ್ಟ್ರೆಸ್ ಕೈಯಿಂದ ಜಾರಿದ ಕನ್ನಡಕದ ಡಬ್ಬಿಯನ್ನು ಅವನು ಎತ್ತಿಕೊಟ್ಟ. “ಒಳ್ಳೇದಾಗ್ಲಪ್ಪ,” ಅಂದು ಹೋದರು.

ಇವರು ಬಂದರು. “ಎಲ್ಲಿದ್ದೆಯಪ್ಪಾ?”

“ಇಲ್ಲೇ ಇದ್ದೆ ಸರ್. ಬಾಗಿಲು ಹಾಕಿತ್ತು.”

“ಎಷ್ಟು ಹೊತ್ತಿಂದ?”

“ಆಗಿಂದಾನೂ. ಅಕ್ಕ ನೋಡಿದ್ರಲ್ಲ ಸರ್, ತೆಗೀತಾರೆ ಅಂತ ನಿಂತೆ.” ಇವರ ಮುಖ ನೋಡಿ ಏನು ಅನ್ನಿಸಿತೋ, ಬೇಗ ಬೇಗ ಸೇರಿಸಿದ, “ಅಕ್ಕನಿಗೆ ಎದ್ದು ಬರೋಕೆ ಆಗಿರಲ್ಲ ಬಿಡಿ ಸರ್. ಮಧ್ಯದಲ್ಲಿ ಹೇಗೆ ಏಳ್ತಾರೆ.”

ತಿಂಗಳ ಕೊನೆಗೆ ಅವನು ಒಂದು ಚೀಲ ಹಿಡಿದುಕೊಂಡು ವಾಪಸ್ ಹೋದ. ಅದು ಆಮೇಲಿನ ಮಾತು. ಅವತ್ತು ಮನೆಯವರೆಗೆ ನಾವಿಬ್ಬರೂ ನಡೆದೇ ಬಂದೆವು. ಇವರು ಬೈಯಲಿ ಅಂತ ಕಾದೆ. ಬೈದರೆ ನನ್ನ ಹತ್ತಿರ ಉತ್ತರ ಇತ್ತು, ಇಪ್ಪತ್ತೆರಡು ವರ್ಷದ ಉತ್ತರ.

ನಮ್ಮನೆ ಬಾಗಿಲ ಮುಂದೆ ನಿಂತು ಚೀಲದಿಂದ ಬೀಗದ ಕೈ ತೆಗೆದರು. ತಾವು ತೆಗೆಯಲಿಲ್ಲ. ನನ್ನ ಅಂಗೈಯಲ್ಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

“ನೀನೇ ತೆಗಿ,” ಅಂದರು. “ಆತುರ ಇಲ್ಲ.”

ಅದೇ ದನಿ. ನನಗೆ ಅಂತಲೇ ಆಡಿದ್ದು, ಮೊದಲ ಸಲ. ಬೀಗದ ಕೈ ಹಿಡಿದುಕೊಂಡು ನಿಂತೆ. ಕೈ ಏಳಲಿಲ್ಲ.