ಸಾಂಬಾರಿನ ಬಟ್ಟೆ ಮತ್ತು ನನ್ನ ಜೀಪು

ನನ್ನ ಹಳೆಯ ಜೀಪಿನ ಮುಂಭಾಗಕ್ಕೆ ಯಾವ ಸ್ಪ್ರಿಂಗ್ ಹಾಕಿಸಬೇಕೆಂದು ತೀರ್ಮಾನಿಸಿದ್ದು ಒಂದು ತುಂಡು ಬಿಳಿ ಬಟ್ಟೆ. ಜೀಪಿನ ಹುಚ್ಚಿರುವ ಯಾರಿಗೆ ಹೇಳಿದರೂ ನಗುತ್ತಾರೆ. ನಗಲಿ, ಅವರ್‍ಯಾರೂ ನಮ್ಮಣ್ಣನ ತಮ್ಮನಾಗಿ ಹುಟ್ಟಿಲ್ಲ.

ವೇಲಚೇರಿಯಲ್ಲಿ ನಮ್ಮದೊಂದು ಹೋಟೆಲು. ಅಡುಗೆಯ ವಿಷಯದಲ್ಲಿ ಅಣ್ಣನ ಮಾತೇ ಕೊನೆ. ಮಿಕ್ಕ ವಿಷಯಗಳಲ್ಲೂ ಹಾಗೇ. ಹೊರಗಿನ ಊಟಕ್ಕೆ ಸಾಂಬಾರು ಹೋಗುವಾಗ ಪಾತ್ರೆಯ ಬಾಯಿಗೆ ಬಿಳಿ ಬಟ್ಟೆ ಬಿಗಿದು, ಪಕ್ಕದಲ್ಲಿ ತಾನೇ ಕೂತು ಹೋಗುತ್ತಾನೆ. ಇಳಿಸುವಾಗ ಬಟ್ಟೆ ಹಳದಿಯಾಗಿದ್ದರೆ ಡ್ರೈವರನ ಗ್ರಹಚಾರ ಬಿಡಿಸುತ್ತಾನೆ. ಸಾಂಬಾರನ್ನು ಅವನು ಯಾರ ಜೊತೆಗೂ ಒಂಟಿಯಾಗಿ ಕಳುಹಿಸಿದವನಲ್ಲ. ನನಗೆ ನಲವತ್ತೈದು ದಾಟಿದರೂ ನನ್ನ ಜೊತೆಗಂತೂ ಇಲ್ಲವೇ ಇಲ್ಲ.

ಒಂದು ಮಳೆಗಾಲದಲ್ಲಿ ನಮ್ಮ ವ್ಯಾನು ಬೀದಿಯ ನೀರಿನಲ್ಲಿ ಕೆಟ್ಟು ನಿಂತು, ಉಪನಯನದ ಮನೆಯವರು ಬರೀ ಮೊಸರನ್ನ ಉಂಡು ಎದ್ದರು. ಅಣ್ಣ ಮೂರು ದಿನ ಯಾರ ಮುಖವನ್ನೂ ನೋಡಲಿಲ್ಲ. ಅದೇ ಸಮಯ ನೋಡಿ, ಹೋಟೆಲಿನ ಹಿಂದಿನ ಶೆಡ್ಡಿನಲ್ಲಿದ್ದ ನನ್ನ ಜೀಪನ್ನು ನೀರಿಗೆ ಸಿಗದ ಹಾಗೆ ಎತ್ತರಿಸುವ ಮಾತೆತ್ತಿದೆ. ಅವನಿಗೆ ಆ ಜಾಗದಲ್ಲಿ ಹೊಸ ಗ್ರೈಂಡರ್ ಇಡುವ ಆಸೆಯಿತ್ತು.

“ಬೆಸೆಂಟ್ ನಗರದ ಮದುವೆಗೆ ಅದರಲ್ಲೇ ಹೋಗುವ. ಬಟ್ಟೆ ಬಿಳಿ ಉಳಿದ್ರೆ ಜೀಪು ಇರ್ಲಿ. ಇಲ್ಲಾಂದ್ರೆ ಅದೂ ಬೇಡ, ನಿನ್ನ ಹುಚ್ಚೂ ಬೇಡ,” ಎಂದ.

ಜೀಪು ರಿಪೇರಿ ಮಾಡುವ ಮಾಧವರಂನ ಮೇಸ್ತ್ರಿಯ ಗ್ಯಾರೇಜಿನಲ್ಲಿ ಮೂರು ಜೀಪುಗಳಿದ್ದವು. ಒಂದಕ್ಕೆ ಪಟ್ಟಿ ಪಟ್ಟಿಯಾಗಿ ಜೋಡಿಸಿದ ಹಳೇ ಕಾಲದ ಸ್ಪ್ರಿಂಗು, ಇನ್ನೊಂದಕ್ಕೆ ಸುರುಳಿ ಸ್ಪ್ರಿಂಗು. ಮತ್ತೊಂದರ ಮುಂದಿನ ಚಕ್ರಗಳು ಪರಸ್ಪರ ಮಾತು ಬಿಟ್ಟವರ ಹಾಗೆ ಬೇರೆ ಬೇರೆಯಾಗಿ ಏರಿಳಿಯುತ್ತಿದ್ದವು. ಗುಡ್ಡಕ್ಕೆ ಯಾವುದು ಒಳ್ಳೆಯದು, ಬಂಡೆಗೆ ಯಾವುದು ಗಟ್ಟಿ ಎಂದು ಅವನು ವಿವರಿಸುತ್ತಿದ್ದರೆ, ನಾನು ಪಾತ್ರೆಯಲ್ಲಿ ಅರಿಶಿನ ನೀರು ತುಂಬಿ, ಬಟ್ಟೆ ಕಟ್ಟಿ, ಮೂರರಲ್ಲೂ ಇಟ್ಟು ಗುಂಡಿ ಬಿದ್ದ ರಸ್ತೆಯಲ್ಲಿ ಸುತ್ತಿಸಿದೆ.

“ಸಾರ್, ಇದು ವಂಡಿಯಾ, ಟಿಫಿನ್ ಕ್ಯಾರಿಯರಾ?” ಎಂದ ಮೇಸ್ತ್ರಿ, ಗಾಡಿಯನ್ನೊಮ್ಮೆ ಪಾತ್ರೆಯನ್ನೊಮ್ಮೆ ನೋಡುತ್ತಾ.

ಪಟ್ಟಿಯ ಸ್ಪ್ರಿಂಗಿನ ಬಟ್ಟೆ ಪೂರ್ತಿ ಹಳದಿ. ಉಳಿದೆರಡೂ ಬಿಳಿ, ಆದರೆ ಬೇರೆ ಬೇರೆ ಚಕ್ರದ ವ್ಯವಸ್ಥೆಗೆ ನನ್ನ ಜೀಪಿನ ಅರ್ಧ ಮೈಯನ್ನೇ ಕೊಯ್ಯಬೇಕಂತೆ. ಸುರುಳಿಯನ್ನೇ ಹಾಕಿ, ನೀರಿಗೋಸ್ಕರ ಮೂರಿಂಚು ಎತ್ತರಿಸಲು ಹೇಳಿದೆ.

ಅವನು ತಲೆ ಕೆರೆದುಕೊಂಡು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದ. ಗಾಡಿ ಎತ್ತರವಾದರೆ ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ರಾಡು ಇಳಿಜಾರಾಗುತ್ತದೆ. ಆಗ ಚಕ್ರ ಉಬ್ಬು ಹತ್ತಿದಾಗಲೆಲ್ಲ ರಾಡು ತಾನೇ ತಳ್ಳಿ ಗಾಡಿಯನ್ನು ತಿರುಗಿಸಿಬಿಡುತ್ತದೆ. ಸ್ಟೀರಿಂಗಿನ ಬುಡದಲ್ಲಿ ರಾಡು ಸಿಕ್ಕಿಸುವ ಕಬ್ಬಿಣದ ಕೈಯ ಬದಲು ಉದ್ದದ ಕೈ ಹಾಕಿ ರಾಡನ್ನು ಮಟ್ಟ ಮಾಡಬೇಕು, ಅದು ಬರಲು ಹತ್ತು ದಿನವಾಗುತ್ತದೆ ಎಂದ. ಮದುವೆ ಬರುವ ಭಾನುವಾರವೇ ಇತ್ತು. ರಾಡು ಓರೆಯಾದರೆ ಸಾಂಬಾರಿಗೇನು ಎಂದು ನಾನು ಜಾಣತನ ತೋರಿಸಿ, ಆ ಕೈಯಿಲ್ಲದೆಯೇ ಜೀಪು ತಂದೆ.

ಭಾನುವಾರ ಬೆಳಿಗ್ಗೆ ಅಣ್ಣ ಹಿಂದೆ ಪಾತ್ರೆ ತಬ್ಬಿಕೊಂಡು ಕೂತ. ಮೊದಲ ಉಬ್ಬಿನಲ್ಲಿ ಜೀಪು ಮೆತ್ತಗೆ ಎದ್ದು ಮೆತ್ತಗೆ ಇಳಿಯಿತು. ನಾನು ಹಿಗ್ಗುವಷ್ಟರಲ್ಲಿ ಎಡಕ್ಕೆ ಹೊರಟಿತು.

“ಎಂತ ಮಾರಾಯಾ, ಹೂವಿನ ಅಂಗಡಿಗೆ ಎಂತಕ್ಕೆ ಹೋಗುದು?”

“ನಾನು ಹೋಗ್ತಾ ಇಲ್ಲ ಅಣ್ಣ, ಅದೇ ಹೋಗ್ತಾ ಉಂಟು.”

ಎರಡನೇ ಉಬ್ಬಿಗೆ ಜ್ಯೂಸ್ ಅಂಗಡಿ, ಮೂರನೆಯದಕ್ಕೆ ಯಾರದೋ ಮನೆಯ ಗೇಟು. ಕೊನೆಗೆ ನಡಿಗೆಯ ವೇಗಕ್ಕೆ ಇಳಿದೆ. ಸೈಕಲ್ಲಿನಲ್ಲಿದ್ದ ಮುದುಕರೊಬ್ಬರು ನಮ್ಮನ್ನು ದಾಟಿ, ಹಿಂತಿರುಗಿ ನೋಡಿ ಮರುಕಪಟ್ಟರು.

ಛತ್ರದ ಮುಂದೆ ಅಣ್ಣ ಇಳಿದು ಪಾತ್ರೆಯನ್ನು ಇಳಿಸಿಕೊಂಡ. ಬಟ್ಟೆಯ ಬಲ ಅಂಚಿನಲ್ಲಿ ವೀಳ್ಯದೆಲೆಯಷ್ಟು ಹಳದಿ. ಶೆಡ್ಡಿನಲ್ಲಿ ಗ್ರೈಂಡರ್ ತಿರುಗುವುದು ಕಣ್ಣಿಗೇ ಕಂಡಿತು.

ಅಣ್ಣ ಬಗ್ಗಿ ಬಹಳ ಹೊತ್ತು ನೋಡಿದ. “ನಡುವಲ್ಲಿ ಒಂದು ಚುಕ್ಕೆ ಇಲ್ಲ. ಇದು ಹಾರಿದ್ದಲ್ಲ, ವಾಲಿದ್ದು. ನಿನ್ನ ಸ್ಪ್ರಿಂಗು ಸರಿ ಉಂಟು. ಗಾಡಿ ಎಡಕ್ಕೆ ಎಳೀತದೆ, ಸ್ಟೀರಿಂಗಲ್ಲಿ ಎಂತದೋ ಸೊಟ್ಟ ಉಂಟು.”

ಮೇಸ್ತ್ರಿ ಗೆರೆ ಎಳೆದು ಹೇಳಿದ್ದನ್ನು ಅಣ್ಣ ಸಾಂಬಾರಿನ ಕಲೆಯಲ್ಲಿ ಓದಿದ್ದ. ನಾಚಿಕೆಯಿಂದ ಉದ್ದದ ಕೈಯ ಕಥೆ ಒಪ್ಪಿಕೊಂಡೆ. ಅವನು ಪಾತ್ರೆ ಎತ್ತಿಸಿಕೊಂಡು ಒಳಗೆ ಹೋದ.

ಊಟಕ್ಕೆ ಎದುರುಬದುರು ಕೂತಾಗ, ಎಲೆಯಿಂದ ತಲೆಯೆತ್ತದೆ ಅಂದ: “ಆ ಕೈ ಹಾಕ್ಸು. ಆಮೇಲೆ ಸಾಂಬಾರು ನೀನೊಬ್ನೇ ತಗೊಂಡು ಹೋಗು. ನಾನು ಬಸ್ಸಲ್ಲಿ ಬರ್ತೇನೆ.”

ನನ್ನ ಕಣ್ಣು ತುಂಬಿ ಬಂತು. ಬಡಿಸುವವನು ನಿಂತು, ಸಾಂಬಾರು ಖಾರವಾಯಿತೇ ಎಂದು ಕೇಳಿದ. ಅಣ್ಣ ಎದುರಿಗೇ ಇದ್ದ. ಇಲ್ಲ, ಇನ್ನೂ ಸ್ವಲ್ಪ ಬಡಿಸು ಎಂದೆ.