ಗ್ಯಾಸ್ ಕೆಲಸ ಬಲ್ಲ ಬೀರಲಿಂಗಪ್ಪ

ಬೆಳಗಿನ ಐದೂವರೆ. ಆಳಂದದ ಬಸ್ ನಿಲ್ದಾಣದ ಹಿಂದಿನ ಓಣಿಗೆ ಎತ್ತಿನ ಬಂಡಿಯೊಂದು ಬಂದು ನಿಲ್ಲುತ್ತದೆ. ಕಿಣ್ಣಿ ಸುಲ್ತಾನ ಎಂಬ ಊರಿನ ಮದುವೆ ಮೆರವಣಿಗೆ ಮುಗಿಸಿ ಹನ್ನೆರಡು ಗ್ಯಾಸ್ ಬತ್ತಿಗಳು ಮರಳಿ ಬಂದಿವೆ. ಬೀರಲಿಂಗಪ್ಪ ಒಂದೊಂದನ್ನೇ ಎರಡೂ ಕೈಯಲ್ಲಿ ಹಿಡಿದು ಇಳಿಸುತ್ತಾರೆ. ತಿರುಪನ್ನು ಎಡಕ್ಕೆ ಸಡಿಲಿಸಿ ಒಳಗೆ ಉಳಿದ ಗಾಳಿ ಬಿಡುತ್ತಾರೆ. ಸುಸ್ ಎನ್ನುವ ಸದ್ದು ಪೂರ್ತಿ ಅಡಗುವವರೆಗೆ ಮುಂದಿನದಕ್ಕೆ ಕೈ ಹಾಕುವುದಿಲ್ಲ. ಇವರ ಕಥೆ ಬರೆದುಕೊಳ್ಳಲು ಬಂದ ನಾನು ಎರಡು ಸಲ ನಮಸ್ಕಾರ ಹೇಳಿದ್ದೇನೆ. ಹನ್ನೆರಡನೆಯ ಬತ್ತಿ ತಣ್ಣಗಾದ ಮೇಲೆಯೇ ನನ್ನ ಸರದಿ ಬರುತ್ತದೆ.

ಗುಲ್ಬರ್ಗದ ನಮ್ಮಂಥವರಿಗೆ ಈಗ ಗ್ಯಾಸ್ ಎಂದರೆ ಅಡುಗೆಮನೆಯ ಸಿಲಿಂಡರು. ಊಟ ಜಾಸ್ತಿಯಾದ ಮರುದಿನ ಹೊಟ್ಟೆಯ ತಾಪತ್ರಯಕ್ಕೂ ಅದೇ ಹೆಸರು. ಈ ಓಣಿಯಲ್ಲಿ ಗ್ಯಾಸ್ ಎಂದರೆ ಗಾಳಿ ಹೊಡೆದು ಹಚ್ಚುವ ಸೀಮೆಎಣ್ಣೆ ದೀಪ, ಬೇರೆ ಅರ್ಥವೇ ಇಲ್ಲ. ಏಳು ವರ್ಷದ ಹಿಂದೆ ಈ ಒಂದು ಪದವೇ ಬೀರಲಿಂಗಪ್ಪನವರನ್ನು ಸಮುದ್ರದ ನಡುವೆ ಕರೆದೊಯ್ದು ನಿಲ್ಲಿಸಿತು.

ನಲವತ್ತೈದು ದಾಟಿದ ಇವರು ಕಡಗಂಚಿಯವರು. ಇದೇ ಓಣಿಯ ಕರೀಮಸಾಬ ಎಂಬ ಉಸ್ತಾದರ ಕೈಕೆಳಗೆ ಕೆಲಸ ಕಲಿತವರು. ಇಪ್ಪತ್ತಾರು ಬತ್ತಿಗಳಿವೆ. ಒಂದಕ್ಕೆ ಲೀಟರ್ ಎಣ್ಣೆ, ಅರವತ್ತು ಸಲ ಪಂಪು. ಲಗ್ನದ ದಿನಗಳಲ್ಲಿ ಬಲಗೈ ಊಟಕ್ಕೂ ಸರಿಯಾಗಿ ಏಳುವುದಿಲ್ಲ ಎಂದು ಹೆಂಡತಿ ಸಾಬಮ್ಮ ಒಳಗಿನಿಂದಲೇ ವರದಿ ಕೊಡುತ್ತಾರೆ. ಪ್ರತಿ ಬತ್ತಿಯ ಬುಡದಲ್ಲಿ ಮೊಳೆಯಿಂದ ಚುಚ್ಚಿ ಚುಚ್ಚಿ ಬರೆದ ಹೆಸರಿದೆ: ಬೀರಲಿಂಗಪ್ಪ, ಆಳಂದ. ಕಳುವಾಗಬಾರದು ಎಂದು ಬರೆದದ್ದು ಎಂದುಕೊಂಡೆ. ಹಾಗಲ್ಲ ಎಂದು ತಿಳಿದದ್ದು ಆಮೇಲೆ.

"ಅಫಜಲಪುರದ ದೌಲತರಾಯ ಅಂತ ಇದ್ರು ರೀ, ಮಂದೀನ ಮುಂಬೈಗೆ ಕೆಲಸಕ್ಕ ಕರಕೊಂಡು ಹೋಗವ್ರು. ಗ್ಯಾಸ್ ಕೆಲಸ ಬಲ್ಲವ್ರು ಬೇಕಾಗ್ಯಾರ ಅಂದ್ರು. ನನಕಿಂತ ಬಲ್ಲವ್ರು ಯಾರ್ ಇದ್ದಾರ ಈ ಮುಲಕದಾಗ? ದೊಡ್ಡ ದೊಡ್ಡ ಮೆರವಣಿಗಿ ಇರ್ತಾವ ಅಲ್ಲಿ ಅಂತ ತಿಳಕೊಂಡು ನಾ ತೂತು ಚುಚ್ಚೋ ನಾಕು ಪಿನ್ನು, ಬತ್ತಿಗಿ ಕಟ್ಟೋ ಮ್ಯಾಂಟಲ್ ಚೀಲ ಒಂದು ಡಜನ್ ಗಂಟು ಕಟಗೊಂಡು ಹೋದ್ನಿ."

ಕಂಪನಿಯ ಕಚೇರಿಯಲ್ಲಿ ಹಿಂದಿಯಲ್ಲಿ ಕೇಳಿದರಂತೆ, ಗ್ಯಾಸ್ ಕೆಲಸ ಎಷ್ಟು ವರ್ಷದಿಂದ? ಹದಿನೈದು ವರ್ಷ, ಎಂದರು ಇವರು. ಅದರಲ್ಲಿ ಒಂದು ದಿನವೂ ಸುಳ್ಳಿಲ್ಲ. ಬರೆದುಕೊಂಡರು. ಮೂರನೆಯ ದಿನ ದೋಣಿ ಹತ್ತಿಸಿದರು. ದಡ ಕಾಣದಷ್ಟು ದೂರದಲ್ಲಿ, ನೀರಿನೊಳಗೆ ಕಬ್ಬಿಣದ ಕಾಲು ಊರಿ ನಿಂತ ಕಟ್ಟೆ. ಸಮುದ್ರದ ತಳದಿಂದ ಗ್ಯಾಸ್ ಮೇಲೆತ್ತುವ ಕಟ್ಟೆ ಅದು. ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಅವರಿಗೂ ಅಂದು ತಿಳಿದಿರಲಿಲ್ಲ.

ಅಲ್ಲಿ ಅವರಿಗೆ ಪರಿಚಯದ ವಸ್ತುವೊಂದೇ. ಗಾಜಿನ ಬಿಲ್ಲೆ, ಅದರೊಳಗೆ ಮುಳ್ಳು, ಕೊನೆಗೊಂದು ಕೆಂಪು ಗೆರೆ. ಗ್ಯಾಸ್ ಬತ್ತಿಯ ಬುಡದಲ್ಲೂ ಅಂಥದ್ದೇ ಇರುತ್ತದೆ, ಗಾಳಿ ಎಷ್ಟಿದೆ ಎಂದು ನೋಡಲಿಕ್ಕೆ. ಮೇಲ್ವಿಚಾರಕ ಇವರನ್ನು ಅದರ ಮುಂದೆ ಕೂರಿಸಿದ.

"ಮುಳ್ಳ ಕೆಂಪಿಗಿ ಹೋತು ರೀ. ಮೂರು ದಿನ ಅಲ್ಲೇ ನಿಂತಿತ್ತು. ದಿನಾ ಹೋಗಿ ಹೇಳಿದ್ನಿ. ಮುಳ್ಳ ಕೆಟ್ಟದ, ನೀ ಸುಮ್ಮ ಕೂಡು ಅಂದಾ. ನಂಗ್ಯಾಕೋ ಕೆಟ್ಟಿಲ್ಲ ಅನಸ್ತಿತ್ತು. ಖರೇ ಹೇಳ್ಬೇಕಂದ್ರ, ಅವ್ರು ಓದಿದವ್ರು, ನಾ ಏನ್ ಹೇಳ್ಲಿ?"

ನಾಲ್ಕನೆಯ ದಿನ ಮಧ್ಯಾಹ್ನ ಬೆಂಕಿ. ಎಲ್ಲರೂ ದೋಣಿಯ ಕಡೆ ಓಡುವಾಗ ಬೀರಲಿಂಗಪ್ಪ ಒಂದು ಕ್ಷಣ ನಿಂತರು. ಎದುರಿಗೊಂದು ಕಬ್ಬಿಣದ ಚಕ್ರವಿತ್ತು. ಬತ್ತಿ ಭಗ್ಗೆಂದು ಉರಿದರೆ ಗಾಳಿ ಬಿಡಬೇಕು ಎಂದು ಉಸ್ತಾದರು ಕಲಿಸಿದ್ದರು. ಎರಡೂ ಕೈ ಹಾಕಿ ಚಕ್ರವನ್ನು ಎಡಕ್ಕೆ ತಿರುಗಿಸಿದರು. ಆಮೇಲೆ ಓಡಿದರು.

ಜನರೆಲ್ಲ ಬದುಕಿದರು. ಬೆಂಕಿ ಹನ್ನೊಂದು ದಿನ ಉರಿಯಿತು, ಒಡೆದ ಕೊಳವೆಯಿಂದ, ಗ್ಯಾಸಿನ ಜೊತೆ ಬರುವ ಕಚ್ಚಾತೈಲದ ಕಪ್ಪು ಜಿಗಟು ನೀರಿಗಿಳಿಯಿತು. ಇವರನ್ನೂ ಸೇರಿಸಿ ಕಂಪನಿ ನಲವತ್ತು ಜನರನ್ನು ದಡ ತೊಳೆಯಲು ಹಚ್ಚಿತು. ಗೋಣಿಚೀಲದಿಂದ ಜಿಗಟು ಬಳಿಯುವುದು, ಸತ್ತ ಮೀನು ತುಂಬಿ ಮರಳಲ್ಲಿ ಹುಗಿಯುವುದು. ಹತ್ತೊಂಬತ್ತು ದಿನ.

"ಬೆಸ್ತರ ಹೆಣ್ಮಗಳು ಒಬ್ಬಾಕಿ ಬುಟ್ಟಿ ತಂದು ನನ್ನ ಮುಂದ ಸುರುವಿದಳು ರೀ. ಎಲ್ಲಾ ಸತ್ತ ಮೀನ. ಮರಾಠಿ ಒಳಗ ಕೇಳಿದಳು, ಇದು ಯಾರ್ ಮಾಡ್ಯಾರ ಅಂತ. ನಂಗ ತಿಳೀತು, ಬಗ್ಗಿ ಮೀನ ಚೀಲಕ್ಕ ತುಂಬಿದ್ನಿ. ಆ ಚಕ್ರ ನಾ ತಿರುವಿದ್ದಕ್ಕ ಆಗ್ಯಾದೋ ಏನೋ. ಹ್ಯಾಂಗ ಹೇಳ್ಲಿ?"

ಊರಿಗೆ ಕಳಿಸುವಾಗ ಕಂಪನಿ ನಾಲ್ಕು ಹಾಳೆಯ ಇಂಗ್ಲಿಷ್ ವರದಿಗೆ ಇವರ ಹೆಬ್ಬೆಟ್ಟು ಒತ್ತಿಸಿಕೊಂಡು ಒಂದು ಪ್ರತಿ ಕೊಟ್ಟಿತು. ಮ್ಯಾಂಟಲ್ ಡಬ್ಬಿಯಲ್ಲಿ ಮಡಚಿಟ್ಟದ್ದನ್ನು ತೆಗೆದು ನನ್ನ ಕೈಗಿಡುತ್ತಾರೆ. ಓದುತ್ತ ಹೋದಂತೆ ಮೈ ಉರಿಯುತ್ತದೆ. ಗ್ಯಾಸ್ ಕೆಲಸದಲ್ಲಿ ಹದಿನೈದು ವರ್ಷ ಅನುಭವವಿದ್ದ ನೌಕರನ ಅಜಾಗರೂಕತೆಯಿಂದ ಅನಾಹುತ, ಎಂದಿದೆ. ಕೆಳಗೆ ಇವರ ಹೆಸರು. ಕೆಂಪಿಗೆ ಹೋದ ಮುಳ್ಳಿನ ಮಾತಿಲ್ಲ. ಮೂರು ದಿನ ಹೇಳಿದ್ದರ ಮಾತಿಲ್ಲ. ಮೀನಿನ ಬಗ್ಗೆ ಒಂದೇ ಸಾಲು: ಜಲಚರಗಳಿಗೆ ಗಮನಾರ್ಹ ಹಾನಿ ಆಗಿಲ್ಲ. ಅದನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳುತ್ತೇನೆ.

"ಹಂಗಂದ್ರ ನಾ ಹುಗದದ್ದು ಏನ್ರಿ?" ಎಂದು ಕೇಳುತ್ತಾರೆ. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ.

ಚಕ್ರದ ಸಂಗತಿಯನ್ನು ಇವರು ಫೋನಿನಲ್ಲೇ ಹೇಳಿದ್ದರಿಂದ, ಇಲ್ಲಿಗೆ ಬರುವ ಮೊದಲೇ ನಾನು ಕಂಪನಿಗೆ ಪತ್ರ ಬರೆದಿದ್ದೆ. ಪ್ರಕರಣ ಮುಗಿದಿದೆ ಎಂದು ಒಂದೂವರೆ ಸಾಲಿನ ಉತ್ತರ ಬಂತು. ಗುಲ್ಬರ್ಗದ ಎಂಜಿನಿಯರಿಂಗ್ ಮೇಷ್ಟ್ರೊಬ್ಬರನ್ನು ಚಕ್ರದ ಬಗ್ಗೆ ಕೇಳಿದೆ. ಎಡಕ್ಕೆ ತಿರುಗಿಸಿದರೆ ಸಾಮಾನ್ಯವಾಗಿ ತೆರೆಯುತ್ತದೆ, ಆದರೆ ಅದು ಗ್ಯಾಸಿನದೋ ಬೆಂಕಿ ನಂದಿಸುವ ನೀರಿನದೋ ನೋಡದೆ ಹೇಳುವುದು ಹೇಗೆ ಎಂದರು. ಬೆಂಕಿ ಹತ್ತಿದ ಮೇಲೆ ತಿರುಗಿಸಿದ ಚಕ್ರ ಬೆಂಕಿಗೆ ಕಾರಣ ಆಗುವುದಾದರೂ ಹೇಗೆ ಎಂದೂ ಕೇಳಿದರು. ಈ ಎರಡನೆಯ ಮಾತನ್ನು ನಾನು ಬೀರಲಿಂಗಪ್ಪನವರಿಗೆ ಹೇಳುತ್ತೇನೆ.

"ಹೌದಲ್ರಿ," ಎನ್ನುತ್ತಾರೆ. ಗಾಜಿಗಂಟಿದ ಮ್ಯಾಂಟಲ್ ಬೂದಿ ಒರೆಸುತ್ತಾರೆ. "ಆದ್ರೂ ಉರಿ ಹೆಚ್ಚಾಗಿರಬಹುದು. ಮೀನ ಹೆಚ್ಚಿಗಿ ಸತ್ತಿರಬಹುದು."

ಏಳು ವರ್ಷದಿಂದ ಮನುಷ್ಯ ಇಲ್ಲೇ ಸಿಕ್ಕಿಕೊಂಡಿದ್ದಾರೆ. ಬೇಕಾದದ್ದು ಪರಿಹಾರವಲ್ಲ, ಸನ್ಮಾನವಲ್ಲ. ಆ ಚಕ್ರ ಯಾತರದ್ದೆಂದು ಬಲ್ಲವರು ಯಾರಾದರೂ ಹೇಳಬೇಕು. ಹೇಳಿದರೆ ಮುಂಬೈಗೆ ಹೋಗಿ ಆ ಹೆಣ್ಣುಮಗಳನ್ನು ಹುಡುಕಿ ಉತ್ತರ ಕೊಟ್ಟು ಬರುತ್ತಾರಂತೆ. ಅವಳ ಹೆಸರೂ ಇವರಿಗೆ ಗೊತ್ತಿಲ್ಲ.

ಬಿಸಿಲು ಏರುವಾಗ ಹವಳಗಾದ ಶಾಂತಲಿಂಗಪ್ಪ ಒಂದು ಬತ್ತಿ ಹಿಡಿದು ಬರುತ್ತಾರೆ. ಮಗಳ ಮೆರವಣಿಗೆಯಲ್ಲಿ ಅರ್ಧ ದಾರಿಗೇ ಆರಿಹೋಯಿತಂತೆ, ಬೀಗರ ಮುಂದೆ ತಲೆ ತಗ್ಗಿಸಬೇಕಾಯಿತಂತೆ. ನಮ್ಮ ಹುಡುಗರು ಎತ್ತಿ ಕುಕ್ಕಿರಬೇಕು ಎಂದು ಅವರೇ ತಪ್ಪಿಸಿಕೊಳ್ಳಲು ದಾರಿ ತೋರಿಸುತ್ತಾರೆ. ಬೀರಲಿಂಗಪ್ಪ ಪಂಪು ಬಿಚ್ಚಿ ನೋಡುತ್ತಾರೆ. "ಇಲ್ರಿ ಗೌಡ್ರ, ವಾಷರ್ ಒಣಗ್ಯಾದ. ನಾ ನೋಡಿ ಕೊಡಬೇಕಿತ್ತು. ತಪ್ಪು ನಂದು."

ಅವರು ಹೋದ ಮೇಲೆ ನಾನು, ಸುಮ್ಮನೆ ತಪ್ಪು ಒಪ್ಪಿಕೊಳ್ಳುವುದು ನಿಮಗೆ ಚಟವೇ ಎಂದು ರೇಗಿಸುತ್ತೇನೆ. ಅವರು ನಗುವುದಿಲ್ಲ. ಬತ್ತಿಯನ್ನು ತಿರುವಿ ಬುಡ ನನಗೆ ತೋರಿಸುತ್ತಾರೆ.

"ಹೆಸರ ಅದಕ್ಕೇ ಬರದೀನಿ ರೀ. ಮುಂಬೈಯಿಂದ ಬಂದ ಮ್ಯಾಲೆ ಹೆಸರಿನ ಅಕ್ಷರ ಕಲ್ತು ಬರದದ್ದು. ಕೆಟ್ಟರ ಯಾರ ಜಿಮ್ಮಾ ಅಂತ ಮಂದಿ ಹುಡುಕಬಾರದು." ಮೊಳೆಯ ಗುರುತುಗಳ ಮೇಲೆ ಹೆಬ್ಬೆಟ್ಟು ಆಡಿಸುತ್ತ ಕೇಳುತ್ತಾರೆ: "ಆ ಚಕ್ರದ ಬುಡಕ್ಕ ಯಾರ ಹೆಸರ ಇದ್ದೀತು ರೀ? ನಾ ನೋಡ್ಲೇ ಇಲ್ಲ."